ಕೊನೆಯ ಖಾಲಿ ಸಾಲು

ತೊಂಬತ್ತರ ದಶಕದಲ್ಲಿ ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದ್ದದ್ದು ಒಂದೇ ಯುನಿಕ್ಸ್ ಯಂತ್ರ. ಅದಕ್ಕೆ ಹನ್ನೆರಡು ಟರ್ಮಿನಲ್ಲುಗಳು, ಇಡೀ ತರಗತಿಗೆ ಒಂದೇ ಲಾಗಿನ್ ಹೆಸರು. ಲ್ಯಾಬ್ ಪರೀಕ್ಷೆಯ ದಿನ ನನ್ನ ಪ್ರೋಗ್ರಾಮಿನಲ್ಲಿ ‘ಫೋರ್ಕ್’ ಎಂಬ ಕರೆ ತಪ್ಪಿ ಲೂಪಿನೊಳಗೆ ಸೇರಿಕೊಂಡಿತು. ಫೋರ್ಕ್ ಎಂದರೆ ಓಡುತ್ತಿರುವ ಪ್ರೋಗ್ರಾಮು ತನ್ನದೇ ಇನ್ನೊಂದು ಪ್ರತಿಯನ್ನು ಹುಟ್ಟಿಸುವುದು. ಅದು ಮರಿ ಹಾಕುತ್ತಲೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಗೆಳತಿ ತನ್ನ ಪ್ರೋಗ್ರಾಮನ್ನು ಕಂಪೈಲ್ ಮಾಡಲು ಹೋದರೆ ಹೊಸ ಪ್ರಕ್ರಿಯೆ ಹುಟ್ಟಿಸಲಾಗದು ಎಂಬ ಸಂದೇಶ ಬಂತು. ಆಮೇಲೆ ಎಲ್ಲರಿಗೂ ಅದೇ. ನಾನು ಬಾಯಿ ಬಿಡಲಿಲ್ಲ.

ಯಂತ್ರ ನೋಡಿಕೊಳ್ಳುತ್ತಿದ್ದ ಸರ್ ಬಂದು ಕನ್ಸೋಲಿನಲ್ಲಿ ಎರಡಕ್ಷರ ಒತ್ತಿದರು. ಒಂದೇ ಹೆಸರಿನ ಸಾಲುಗಳು ಪರದೆಯ ತುಂಬ ಇಳಿದವು. ಲಾಗಿನ್ ಎಲ್ಲರದೂ ಒಂದೇ ಆದ್ದರಿಂದ ಹೆಸರಿನಿಂದ ಯಾರನ್ನೂ ಹಿಡಿಯುವಂತಿರಲಿಲ್ಲ. ಆದರೆ ಪ್ರತಿ ಸಾಲಿನಲ್ಲೂ ಟರ್ಮಿನಲ್ಲಿನ ಸಂಖ್ಯೆ ಇತ್ತು. “ಬಾಪ್ಪಾ ಇಲ್ಲಿ, ನಿನ್ನ ಸಂಸಾರ ನೋಡು” ಎಂದು ಕರೆದರು. ಗೆಳತಿಯ ಇಪ್ಪತ್ತು ನಿಮಿಷ ಹೋಗಿತ್ತು. ಅದನ್ನು ಯಾರೂ ಅವಳಿಗೆ ವಾಪಸು ಕೊಡಲಿಲ್ಲ.

ಸರ್ ಒತ್ತಿದ್ದು ‘ಪಿಎಸ್’ ಎಂಬ ಆಜ್ಞೆ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಕಟ್ಟಿದ ಯುನಿಕ್ಸ್‌ನ ಮೂರನೆಯ ಆವೃತ್ತಿಯಲ್ಲೇ, ಅಂದರೆ 1973ರಲ್ಲೇ, ಅದು ಇತ್ತು. ಅದರ ಸೋದರ ‘ಪಿಸ್ಟ್ಯಾಟ್’ನ ಹೆಸರು ಕೇಳಿದವರು ಕಡಿಮೆ. 1979ರ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಅದಕ್ಕೊಂದು ಪುಟವಿದೆ. ಪಿಎಸ್ ತೋರಿಸುವುದು ಪ್ರಕ್ರಿಯೆಗಳನ್ನು ಮಾತ್ರ. ಪಿಸ್ಟ್ಯಾಟ್ ಇನ್ನೂ ಒಳಮನೆಗೆ ಕರೆದೊಯ್ಯುತ್ತದೆ: ತೆರೆದ ಫೈಲುಗಳ ಪಟ್ಟಿ, ಐನೋಡುಗಳ ಪಟ್ಟಿ, ಟರ್ಮಿನಲ್ಲುಗಳ ಪಟ್ಟಿ. ಯಾವ ಐನೋಡಿಗೆ ಬೀಗ ಬಿದ್ದಿದೆ, ಯಾವುದಕ್ಕಾಗಿ ಇನ್ನೊಂದು ಪ್ರಕ್ರಿಯೆ ಕಾದು ನಿಂತಿದೆ ಎಂಬುದನ್ನು ಒಂದೊಂದು ಅಕ್ಷರದಲ್ಲಿ ಗುರುತು ಹಾಕಿ ಹೇಳುತ್ತದೆ.

ಕಾರ್ಯಾಚರಣಾ ವ್ಯವಸ್ಥೆ ಎಂಬ ಭಾರವಾದ ಹೆಸರಿನ ಹಿಂದೆ ಆಗ ಇದ್ದದ್ದು ಬಹುಪಾಲು ಇಂಥ ಪಟ್ಟಿಗಳೇ. 1975ರ ಆರನೆಯ ಆವೃತ್ತಿಯಲ್ಲಿ ಪ್ರಕ್ರಿಯೆಗಳಿಗೆ 50 ಸಾಲು, ತೆರೆದ ಫೈಲುಗಳಿಗೆ 100, ಐನೋಡುಗಳಿಗೆ 100. ಬೇಕೆಂದರೆ ಸಂಖ್ಯೆ ತಿದ್ದಿ ಕರ್ನಲ್ಲನ್ನು ಹೊಸದಾಗಿ ಕಂಪೈಲ್ ಮಾಡಬೇಕಿತ್ತು. ಐವತ್ತೇ ಎಲೆ ಹಾಕಿದ ಪಂಕ್ತಿ. ಐವತ್ತೊಂದನೆಯವನು ನಿಂತೇ ಇರಬೇಕು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಈ ಆವೃತ್ತಿಯ ಕರ್ನಲ್ಲಿಗೆ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಏಳನೆಯ ಆವೃತ್ತಿಯ ಪರವಾನಗಿ ಅಂಥ ಪಾಠವನ್ನೇ ತಡೆಯಿತು. ಲಯನ್ಸರ ಪುಸ್ತಕ 1996ರವರೆಗೂ ಜೆರಾಕ್ಸ್ ಪ್ರತಿಗಳಲ್ಲೇ ಬದುಕಿತು. ನಮ್ಮ ಶಾಸ್ತ್ರಗ್ರಂಥಗಳಿಗೆ ಓಲೆಗರಿಯ ಮೇಲೆ ಪ್ರತಿ ಮಾಡಿಕೊಂಡವರು ಸಿಕ್ಕ ಹಾಗೆ ಅದಕ್ಕೂ ಸಿಕ್ಕರು.

ಈ ಉಪಕರಣಗಳು ಕೆಲಸ ಮಾಡುತ್ತಿದ್ದ ರೀತಿ ನನಗೆ ಇಂದಿಗೂ ಸೋಜಿಗ. ಕರ್ನಲ್ಲನ್ನು ಕೇಳಿ ಉತ್ತರ ಪಡೆಯುವ ಸಭ್ಯ ದಾರಿ ಅವಕ್ಕಿರಲಿಲ್ಲ. ಯುನಿಕ್ಸ್‌ನಲ್ಲಿ ಯಂತ್ರದ ಸ್ಮೃತಿಯೂ ಒಂದು ಫೈಲೇ. ಪಿಸ್ಟ್ಯಾಟ್ ಮೊದಲು ಡಿಸ್ಕಿನಲ್ಲಿದ್ದ ಕರ್ನಲ್ ಫೈಲನ್ನು ತೆರೆದು, ಯಾವ ಪಟ್ಟಿ ಯಾವ ವಿಳಾಸದಲ್ಲಿದೆ ಎಂದು ಹುಡುಕುತ್ತಿತ್ತು. ಆಮೇಲೆ ಸ್ಮೃತಿಯ ಫೈಲನ್ನು ತೆರೆದು ಆ ವಿಳಾಸಕ್ಕೆ ಹಾರಿ, ಸಿಕ್ಕ ಬೈಟುಗಳನ್ನು ಓದುತ್ತಿತ್ತು. ಡಿಸ್ಕಿನಲ್ಲಿರುವ ಕರ್ನಲ್ ಒಂದು, ಓಡುತ್ತಿರುವುದು ಇನ್ನೊಂದು ಆಗಿಬಿಟ್ಟರೆ ಹಳೆಯ ನಕ್ಷೆ ಹಿಡಿದು ಹೊಸ ಊರಲ್ಲಿ ಮನೆ ಹುಡುಕಿದಂತೆ; ಯಾರದೋ ಅಡುಗೆಮನೆಯನ್ನು ದೇವರಮನೆ ಎಂದು ವರದಿ ಮಾಡುತ್ತಿತ್ತು. ಕುಸಿದು ಬಿದ್ದ ಯಂತ್ರದ ಸ್ಮೃತಿಯನ್ನು ಉಳಿಸಿಟ್ಟಿದ್ದರೆ ಅದನ್ನೂ ಓದಿ ಹೇಳುತ್ತಿತ್ತು. ಅದು ಶವಪರೀಕ್ಷೆ, ಹೆಣ ಅಲುಗಾಡುವುದಿಲ್ಲವಾದ್ದರಿಂದ ಅಲ್ಲಿ ಕೆಲಸ ಸಲೀಸು.

ಬದುಕಿರುವ ಯಂತ್ರ ಹಾಗಲ್ಲ. ಪಟ್ಟಿಯ ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲಿನವನು ಸತ್ತಿರಬಹುದು. ಪಿಎಸ್ ಕೊಡುವ ಚಿತ್ರ ವಾಸ್ತವಕ್ಕೆ ಹತ್ತಿರದ ಅಂದಾಜು ಮಾತ್ರ ಎಂದು ಕೈಪಿಡಿ ತಾನೇ ದೋಷಗಳ ವಿಭಾಗದಲ್ಲಿ ಒಪ್ಪಿಕೊಂಡಿತ್ತು. ಚರಿತ್ರೆ ಬರೆಯುವವರ ಪೈಕಿ ಇಷ್ಟು ಪ್ರಾಮಾಣಿಕರನ್ನು ನಾನು ಹೆಚ್ಚು ಕಂಡಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಪಟ್ಟಿಯನ್ನು ನೋಡುವ ಪ್ರೋಗ್ರಾಮೂ ಒಂದು ಪ್ರಕ್ರಿಯೆಯೇ. ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಬೇಕು. ಪಟ್ಟಿ ಭರ್ತಿಯಾದರೆ ಏನಾಗಿದೆ ಎಂದು ನೋಡಲು ಪಿಎಸ್ ಹುಟ್ಟಲಾರದು; ತಪ್ಪಿತಸ್ಥನನ್ನು ಕೊಲ್ಲುವ ‘ಕಿಲ್’ ಕೂಡ ಆಗ ಪ್ರತ್ಯೇಕ ಪ್ರೋಗ್ರಾಮೇ, ಅದೂ ಹುಟ್ಟಲಾರದು. ಏಳನೆಯ ಆವೃತ್ತಿಯ ಫೋರ್ಕ್ ಸಂಕೇತದಲ್ಲಿ ಇದಕ್ಕೆ ಎರಡು ಬೇಲಿಗಳಿವೆ. ಸಾಮಾನ್ಯ ಬಳಕೆದಾರನ ಪ್ರಕ್ರಿಯೆಗಳಿಗೆ 25ರ ಮಿತಿ ಒಂದು. ಎರಡನೆಯದು, ಪಟ್ಟಿಯ ಕೊನೆಯ ಖಾಲಿ ಸಾಲನ್ನು ಸಾಮಾನ್ಯ ಬಳಕೆದಾರ ಮುಟ್ಟುವಂತಿಲ್ಲ. ಅದು ಸೂಪರ್‌ಯೂಸರ್‌ನದು. ಎಲ್ಲ ತುಂಬಿ ತುಳುಕುವಾಗಲೂ ಒಬ್ಬರು ಒಳಗೆ ಬಂದು ಕಣ್ಣು ಹಾಯಿಸಲು ಅಷ್ಟು ಜಾಗ.

ಲ್ಯಾಬಿನಲ್ಲಿ ನಾನು ಡಿಕ್ಕಿ ಹೊಡೆದದ್ದು ಮೊದಲ ಬೇಲಿಗೆ. ಲಾಗಿನ್ ಒಂದೇ ಆದ್ದರಿಂದ ಇಡೀ ತರಗತಿ ಯಂತ್ರದ ಕಣ್ಣಿಗೆ ಒಬ್ಬನೇ ಬಳಕೆದಾರ. ಎಲ್ಲರ ಪಾಲನ್ನೂ ನಾನೊಬ್ಬನೇ ತಿಂದಿದ್ದೆ. ಸರ್‌ಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ.

ಹೀಗೆ ಸ್ಮೃತಿಗೆ ನೇರವಾಗಿ ಕೈಹಾಕುವುದರಲ್ಲಿ ಅಪಾಯವೂ ಇತ್ತು. ಆ ಫೈಲನ್ನು ಓದಬಲ್ಲವನಿಗೆ ಪಕ್ಕದವರು ಟೈಪ್ ಮಾಡುತ್ತಿರುವ ಪಾಸ್‌ವರ್ಡೂ ಸಿಕ್ಕೀತು. ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್‌ನವರು ಅದನ್ನು ‘ಕೆಮೆಮ್’ ಎಂಬ ಗುಂಪಿಗೆ ಒಪ್ಪಿಸಿ, ಪಿಎಸ್‌ನಂಥ ನಂಬಿಗಸ್ತರಿಗೆ ಮಾತ್ರ ಒಳಗೆ ಬಿಟ್ಟರು. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಪ್ರತಿ ಪ್ರಕ್ರಿಯೆಯನ್ನೂ ಒಂದೊಂದು ಫೈಲಾಗಿ ತೋರಿಸುವ ಉಪಾಯವನ್ನು ಪ್ರಬಂಧವಾಗಿ ಮಂಡಿಸಿದರು. ಅದೇ ಮುಂದೆ ಲಿನಕ್ಸ್‌ನ ‘ಪ್ರಾಕ್’ ಕೋಶವಾಗಿ ಬಂತು. ಈಗ ಅಲ್ಲಿ ಪಿಎಸ್ ಓದುವುದು ಅದನ್ನೇ. ಕರ್ನಲ್ಲಿನ ಸ್ಮೃತಿಯನ್ನು ತೆರೆದು ತೋರಿಸುತ್ತಿದ್ದ ಆ ಹಳೆಯ ಫೈಲನ್ನು ಲಿನಕ್ಸ್ 2021ರಲ್ಲಿ ತೆಗೆದುಹಾಕಿತು. ಫ್ರೀಬಿಎಸ್‌ಡಿಯಲ್ಲಿ ಪಿಸ್ಟ್ಯಾಟ್ ಇನ್ನೂ ಇದೆ.

ಪರೀಕ್ಷೆ ಮುಗಿದ ಮೇಲೆ ಸರ್ ನನ್ನನ್ನು ಕನ್ಸೋಲಿನ ಮುಂದೆ ಕೂರಿಸಿ, ಮತ್ತೊಮ್ಮೆ ಪಿಎಸ್ ಒತ್ತಲು ಹೇಳಿದರು. ನನ್ನ ಮರಿಗಳೆಲ್ಲ ಹೋಗಿದ್ದವು. ಉಳಿದ ಕೆಲವೇ ಸಾಲುಗಳ ಕೊನೆಯಲ್ಲಿ ಇದ್ದದ್ದು ಪಿಎಸ್. “ನೋಡ್ತಿರೋನೂ ಲೆಕ್ಕದಲ್ಲಿ ಇದಾನೆ” ಎಂದರು. ಹೊರಗೆ ವರಾಂಡದಲ್ಲಿ ಗೆಳತಿ ನಿಂತಿದ್ದಳು. ಟರ್ಮಿನಲ್ ಸಂಖ್ಯೆಯ ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು.