ದಿಲ್ಲಿಯಲ್ಲಿ ಕುರ್ಚಿಯಿಲ್ಲದ ಕಾಲದ ಮೇಷ್ಟ್ರು

ಬನವಾಸಿಯ ಬಡ ಮನೆಯೊಂದರಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪ ಮುಲ್ಕಿ ಪರೀಕ್ಷೆ ಪಾಸು ಮಾಡಿ ಶಿರಸಿಯಲ್ಲಿ ಶಾಲಾ ಮೇಷ್ಟ್ರಾದರು. ಮನೆಯ ಕಷ್ಟಕ್ಕೆ ಆ ಸಂಬಳವೇ ಆಸರೆ. ಅಷ್ಟರಲ್ಲಿ ಬಂಗಾಳದ ವಿಭಜನೆ ನಡೆಯಿತು, ಸ್ವದೇಶಿ ಚಳವಳಿ ಶುರುವಾಯಿತು, ತಿಲಕರ ‘ಕೇಸರಿ’ ಈ ತರುಣನ ಕೈಗೆ ಸಿಕ್ಕಿತು. ಬ್ರಿಟಿಷ್ ಸರ್ಕಾರದ ಸಂಬಳ ತಿಂದುಕೊಂಡು ಸ್ವದೇಶಿ ಮಾತಾಡುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. 1906ರಲ್ಲಿ ರಾಜೀನಾಮೆ ಕೊಟ್ಟು ಅಣ್ಣ ಮಧುಲಿಂಗಪ್ಪನವರ ಜೊತೆ ದಾವಣಗೆರೆ ಸೇರಿದರು. ಅದೇ ವರ್ಷ ಅಣ್ಣ-ತಮ್ಮಂದಿರ ‘ಧನುರ್ಧಾರಿ’ ವಾರಪತ್ರಿಕೆ ಹೊರಬಂತು.

ದಾವಣಗೆರೆಯೇ ಏಕೆ? ಅಂದಿನ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಶಿರಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ದಾವಣಗೆರೆ-ಹರಿಹರ ಮೈಸೂರು ಸಂಸ್ಥಾನದ ತುದಿಯಲ್ಲಿದ್ದವು. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಸರ್ಕಾರ, ಹರಪನಹಳ್ಳಿಯ ಕಡೆ ಹೋದರೆ ಮದ್ರಾಸ್ ಸರ್ಕಾರ. ಮೂರು ಆಡಳಿತಗಳ ಕನ್ನಡಿಗರು ಬಂದು ಹೋಗುತ್ತಿದ್ದ ಸೀಮೆಯಿದು. ಹತ್ತಿ ಹೇರಿಕೊಂಡು ಬಂದವರು ಸುದ್ದಿಯನ್ನೂ ಹೊತ್ತು ಹೋಗುತ್ತಿದ್ದರು.

ಹಾಗೆಂದು ಸಂಸ್ಥಾನದಲ್ಲಿ ಬಾಯಿಗೆ ಬೀಗವಿರಲಿಲ್ಲ ಎಂದಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನು ಹತೋಟಿಗೆ ತರುವ ಕಾಯಿದೆ ಮಾಡಿತು. ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯ ಅದನ್ನು ಕಟುವಾಗಿ ವಿರೋಧಿಸಿದರು. ತಾತಯ್ಯನವರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಹೌದು. ದಿವಾನ್ ರಂಗಾಚಾರ್ಲು 1881ರಲ್ಲಿ ಶುರುಮಾಡಿದ ಆ ಸಭೆ ದಸರೆಯ ಹೊತ್ತಿಗೆ ಸೇರುತ್ತಿತ್ತು. ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರವಿರಲಿಲ್ಲ. ಮುಂದೆ ದಿಲ್ಲಿಯಲ್ಲಿ ಕೇಂದ್ರ ಶಾಸನಸಭೆ ಬಂದಾಗಲೂ ಅದರ ಸ್ಥಾನಗಳೆಲ್ಲ ಬ್ರಿಟಿಷ್ ಇಂಡಿಯಾಕ್ಕೆ ಮೀಸಲು. ದಾವಣಗೆರೆಯ ಪ್ರಜೆ ಎಷ್ಟೇ ಯೋಗ್ಯನಿದ್ದರೂ ಅಲ್ಲಿಗೆ ಆರಿಸಿ ಹೋಗುವ ದಾರಿಯೇ ಇರಲಿಲ್ಲ.

ಮಂಜಪ್ಪನವರ ಬದುಕನ್ನು ಈ ಕೊರತೆಯ ಎದುರಿಟ್ಟು ಓದಬೇಕು. ಶಾಸನಸಭೆ ಇಲ್ಲದ ಊರಿನಲ್ಲಿ ಜನ ಒಂದೆಡೆ ಸೇರುವುದಾದರೂ ಎಲ್ಲಿ, ಯಾವ ನೆಪದಲ್ಲಿ? ಅವರಿಗೆ ಸಿಕ್ಕಿದ್ದು ದಾವಣಗೆರೆಯ ವಿರಕ್ತಮಠ. ಮಠದ ಮೃತ್ಯುಂಜಯ ಅಪ್ಪಗಳ ಬೆಂಬಲದಿಂದ 1911ರ ಶ್ರಾವಣದಲ್ಲಿ ಭಜನೆ ಶುರುವಾಯಿತು. ಭಜನೆಗೆ ಬಂದವರು ಉಪನ್ಯಾಸಕ್ಕೆ ಕುಳಿತರು. 1913ರಲ್ಲಿ ಬಸವ ಜಯಂತಿ ಸಾರ್ವಜನಿಕ ಉತ್ಸವವಾಯಿತು. ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದದ್ದನ್ನು ‘ಕೇಸರಿ’ಯ ಈ ಓದುಗ ಬಲ್ಲವರು. ಆದರೆ ಅವರು ಮುಂದಿಟ್ಟುಕೊಂಡದ್ದು ಹನ್ನೆರಡನೆಯ ಶತಮಾನದ ಶರಣರನ್ನು, ಅವರ ಕಾಯಕವನ್ನು. ಸಾಮಾನ್ಯ ಜನ ಹೆಗಲೆಣೆಯಾಗಿ ಕುಳಿತು ಒಂದು ವಿಚಾರವನ್ನು ಕೇಳಿ ಚರ್ಚಿಸುವ ರೂಢಿ ಹೀಗೆ ಬೆಳೆಯಿತು. ಮತಪೆಟ್ಟಿಗೆ ಬರುವುದಕ್ಕೆ ಮೊದಲು ಒಂದು ಊರಿಗೆ ಬೇಕಾದ ತಯಾರಿ ಇದಕ್ಕಿಂತ ದೊಡ್ಡದು ಇನ್ನೇನಿದೆ?

ಮೃತ್ಯುಂಜಯ ಅಪ್ಪಗಳು ಮುಂದೆ ಧಾರವಾಡದ ಮುರುಘಾಮಠಕ್ಕೆ ಹೋಗಿ ಬಡ ಹುಡುಗರಿಗೆ ಊಟ-ವಸತಿಯ ಆಸರೆ ಕೊಟ್ಟರು. ಮಂಜಪ್ಪನವರು ಗಾಂಧೀಜಿಯ ಕಡೆ ಹೊರಳಿದರು. ಗಾಂಧಿ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು. ಆಜನ್ಮ ಬ್ರಹ್ಮಚಾರಿಯಾಗಿ ಉಳಿದರು. 1920ರ ದಶಕದ ಆರಂಭದಲ್ಲಿ ಹರಿಹರದ ತುಂಗಭದ್ರೆಯ ದಂಡೆಯಲ್ಲಿ ಸತ್ಯಾಗ್ರಹ ಆಶ್ರಮ ಕಟ್ಟಿದರು. ಸಬರಮತಿಯಲ್ಲಿದ್ದು ಬಂದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ದಳ ಕಟ್ಟಿ ದುಡಿದರು. 1927ರಲ್ಲಿ ಆಲಮಟ್ಟಿಗೆ ಹೋಗಿ ಮತ್ತೆ ವಿದ್ಯಾಲಯವನ್ನೇ ತೆರೆದರು. ನೂಲುವುದು, ಬಿತ್ತುವುದು, ಓದುವುದು ಅಲ್ಲಿ ಒಟ್ಟಿಗೇ ಸಾಗಬೇಕೆಂಬುದು ಅವರ ಹಟ. 1947ರ ಜನವರಿ 3ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನು ಎಂಟು ತಿಂಗಳೂ ಇರಲಿಲ್ಲ.

ಸ್ವಾತಂತ್ರ್ಯದ ನಂತರದ ಮೊದಲ ಮಹಾಚುನಾವಣೆಯಲ್ಲಿ ದಾವಣಗೆರೆ-ಹರಿಹರದ ಸೀಮೆ ಚಿತ್ರದುರ್ಗ ಕ್ಷೇತ್ರದೊಳಗಿತ್ತು. ಲೋಕಸಭೆಗೆ ಹೋದವರು ತುಂಗಭದ್ರೆಯ ದಂಡೆಯ ಹಲುವಾಗಿಲಿನಲ್ಲಿ ಹುಟ್ಟಿದ ವಕೀಲ ಎಸ್. ನಿಜಲಿಂಗಪ್ಪ. 1971ರಲ್ಲಿ ಅದೇ ಕ್ಷೇತ್ರದಿಂದ ಹರಿಹರ ತಾಲ್ಲೂಕಿನ ಕೊಂಡಜ್ಜಿ ಬಸಪ್ಪ ಗೆದ್ದರು. 1977ರಲ್ಲಿ ದಾವಣಗೆರೆಗೆ ತನ್ನದೇ ಲೋಕಸಭಾ ಕ್ಷೇತ್ರ ಸಿಕ್ಕಿತು, ಅದರ ಮೊದಲ ಸದಸ್ಯರೂ ಅವರೇ. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ ಆ ವರ್ಷ ಕರ್ನಾಟಕದ 28ರಲ್ಲಿ 26 ಸ್ಥಾನ ಅದಕ್ಕೇ ಬಂದಿದ್ದವು.

ಬಸಪ್ಪನವರು ಮಂತ್ರಿಯೂ ಆಗಿದ್ದವರು. ಆದರೆ ಅವರ ಹೆಸರು ಹೆಚ್ಚು ಉಳಿದಿರುವುದು ಸ್ಕೌಟ್ಸ್ ಚಳವಳಿಯಲ್ಲಿ. ಕೆರೆ, ಗುಡ್ಡಗಳ ನಡುವಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ತರಬೇತಿ ಕೇಂದ್ರವಿದೆ. ಖಾಕಿ ತೊಟ್ಟ, ಕೊರಳಿಗೆ ಸ್ಕಾರ್ಫ್ ಸುತ್ತಿದ ಮಕ್ಕಳು ಡೇರೆ ಹಾಕಿ ಗಂಟು ಕಟ್ಟುವುದನ್ನು ಕಲಿಯುವ ಜಾಗವದು. ಮಂಜಪ್ಪನವರ ಆಶ್ರಮವಿದ್ದ ಹರಿಹರಕ್ಕೂ ಕೊಂಡಜ್ಜಿಗೂ ಹೆಚ್ಚು ದೂರವಿಲ್ಲ. ಒಬ್ಬರು ದಿಲ್ಲಿಯ ಸಭೆ ಕಂಡರು, ಇನ್ನೊಬ್ಬರಿಗೆ ಆ ಬಾಗಿಲೇ ಇರಲಿಲ್ಲ. ಇಬ್ಬರೂ ನೆಚ್ಚಿದ್ದು ಶಾಲೆಯ ನಾಲ್ಕು ಗೋಡೆಯಾಚೆಗಿನ ಕಲಿಕೆಯನ್ನು.

ಸಂಸತ್ ಭವನದ ಆವರಣದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡದ್ದು 2003ರಲ್ಲಿ, ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ. ದಾವಣಗೆರೆಯ ವಿರಕ್ತಮಠದಲ್ಲಿ ಮೊದಲ ಸಾರ್ವಜನಿಕ ಜಯಂತಿ ನಡೆದು ಆಗ 90 ವರ್ಷವಾಗಿತ್ತು.