ಕೋಳಿ ಹೊಟ್ಟೆಯ ಬೀಗ ಮತ್ತು ಎಂಬತ್ತನಾಲ್ಕು ವರ್ಷ

ಕೋಳಿ ಕಾಳು ತಿನ್ನುತ್ತೆ, ಕಾಳಿನ ಸತ್ವವೆಲ್ಲ ಅದರ ಮೈಗೆ ಹತ್ತುತ್ತೆ ಅಂತ ಅನ್ನಿಸೋದು ಸಹಜ. ಆದರೆ ಮೆಕ್ಕೆಜೋಳ, ಸೋಯಾ ಹಿಂಡಿ, ಅಕ್ಕಿ ತೌಡು ಇಂಥವುಗಳಲ್ಲಿರೋ ರಂಜಕದಲ್ಲಿ, ಅಂದರೆ ಫಾಸ್ಫರಸ್ಸಿನಲ್ಲಿ, ಸುಮಾರು ಮೂರನೇ ಎರಡು ಪಾಲಿಗೆ ಬೀಗ ಬಿದ್ದಿರುತ್ತೆ. ಆ ಬೀಗದ ಹೆಸರು ಫೈಟೇಟ್. ಆರು ಇಂಗಾಲದ ಒಂದು ಉಂಗುರ, ಒಂದೊಂದಕ್ಕೂ ಒಂದು ಫಾಸ್ಫೇಟ್. ಬೀಜಕ್ಕೆ ಇದು ಉಗ್ರಾಣ. ಮೊಳಕೆ ಬರುವಾಗ ಫೈಟೇಸ್ ಅನ್ನೋ ಕಿಣ್ವ ಬೀಗ ತೆಗೆದು ಫಾಸ್ಫೇಟನ್ನು ಬಿಡಿಸಿಕೊಡುತ್ತೆ. ಮಗುವಿಗೆ ರಾಗಿ ಸರಿ ಮಾಡಲು ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟುತ್ತಿದ್ದರಲ್ಲ, ಅಲ್ಲಿ ನಡೆಯೋದೂ ಇದೇ ಕೆಲಸ :)

ಹಸುವಿನ ಹೊಟ್ಟೆಯಲ್ಲಿ ಈ ಕೆಲಸಕ್ಕೆ ಸೂಕ್ಷ್ಮಜೀವಿಗಳಿವೆ. ಕೋಳಿಗೆ ಆ ಭಾಗ್ಯ ಇಲ್ಲ, ಸ್ವಂತ ಫೈಟೇಸೂ ತೀರಾ ಕಮ್ಮಿ. ಹಾಗಾಗಿ ರಂಜಕ ತಿಂದರೂ ಹಿಕ್ಕೆಯಲ್ಲಿ ಹೊರಗೆ ಹೋಗುತ್ತೆ. ಹೋಗುವಾಗ ಕ್ಯಾಲ್ಸಿಯಂ, ಸತು, ಕಬ್ಬಿಣವನ್ನೂ ಹಿಡಿದುಕೊಂಡೇ ಹೋಗುತ್ತೆ. ರಂಜಕ ಸಾಲದಿದ್ದರೆ ಮರಿಯ ಮೂಳೆ ಮೆತ್ತಗಾಗುತ್ತೆ, ಬೆಳವಣಿಗೆ ಕುಂಟುತ್ತೆ. ಇದಕ್ಕೆ ಕಂಡುಕೊಂಡ ದಾರಿ ಏನು ಗೊತ್ತಾ? ಗಣಿಯಿಂದ ಅಗೆದ ಕಲ್ಲಿನಿಂದ ಮಾಡಿದ ಫಾಸ್ಫೇಟನ್ನು ಮೇವಿಗೆ ಬೆರೆಸೋದು. ಮನೆಯ ಕಪಾಟಿನಲ್ಲಿ ದುಡ್ಡಿದೆ, ಬೀಗದಕೈ ಇಲ್ಲ ಅಂತ ಹೊರಗೆ ಸಾಲ ತಂದ ಹಾಗೆ!

ಬೀಗದಕೈ ಸಿಕ್ಕಿರಲಿಲ್ಲ ಅಂತಲ್ಲ. 1907ರಲ್ಲೇ ಜಪಾನಿನ ಉಮೆತಾರೋ ಸುಜುಕಿ ಮತ್ತು ಸಂಗಡಿಗರು ಅಕ್ಕಿ ತೌಡಿನಲ್ಲಿ ಈ ಕಿಣ್ವವನ್ನು ಗುರುತಿಸಿ ಫೈಟೇಸ್ ಅಂತ ಕರೆದಿದ್ದರು. 1968ರಲ್ಲಿ ಅಮೆರಿಕದ ಟಿ. ಎಸ್. ನೆಲ್ಸನ್ ತಂಡ ಶಿಲೀಂಧ್ರದಿಂದ ತೆಗೆದ ಫೈಟೇಸಿನಲ್ಲಿ ಸೋಯಾ ಹಿಂಡಿಯನ್ನು ಸಂಸ್ಕರಿಸಿ ಮರಿಗಳಿಗೆ ತಿನ್ನಿಸಿತು. 1971ರಲ್ಲಿ ಕಿಣ್ವವನ್ನು ನೇರವಾಗಿ ಮೇವಿಗೇ ಬೆರೆಸಿ ನೋಡಿದರು. ಮರಿಗಳ ಮೂಳೆ ಗಟ್ಟಿಯಾಯಿತು. ಅಂದರೆ ಬೀಗ ತೆರೆಯಿತು.

ಆಮೇಲೆ? ಆಮೇಲೇನೂ ಆಗಲಿಲ್ಲ. ಕಿಣ್ವ ತಯಾರಿಸೋದು ದುಬಾರಿ, ಕಲ್ಲಿನ ಫಾಸ್ಫೇಟ್ ಅಗ್ಗ. ಹಿಕ್ಕೆಯಲ್ಲಿ ಹೋಗೋ ರಂಜಕಕ್ಕೆ ಯಾರೂ ಬಿಲ್ ಹಾಕುತ್ತಿರಲಿಲ್ಲವಲ್ಲ.

ಬಿಲ್ ಹಾಕಿದ್ದು ನೆದರ್ಲೆಂಡ್ಸ್. ಅಂಗೈ ಅಗಲದ ದೇಶ, ಅದರ ತುಂಬಾ ಹಂದಿ, ಕೋಳಿ. ಮೇವೆಲ್ಲ ಹಡಗಿನಲ್ಲಿ ಹೊರದೇಶಗಳಿಂದ ಬರುತ್ತಿತ್ತು, ಅದರೊಳಗಿನ ರಂಜಕ ಮಾತ್ರ ಡಚ್ಚರ ಮಣ್ಣಿನಲ್ಲೇ ಉಳಿಯುತ್ತಿತ್ತು. ಮಳೆಗೆ ಅದು ಕೆರೆ ಕಾಲುವೆ ಸೇರಿದರೆ ಪಾಚಿ ಹಬ್ಬುತ್ತೆ, ಪಾಚಿ ಕೊಳೆತು ನೀರಿನ ಆಮ್ಲಜನಕ ಖಾಲಿಯಾಗುತ್ತೆ, ಮೀನು ಸಾಯುತ್ತೆ. 1984ರಲ್ಲಿ ಸರ್ಕಾರ ಹಂದಿ-ಕೋಳಿ ಸಾಕಣೆಯ ವಿಸ್ತರಣೆಗೆ ಕಡಿವಾಣ ಹಾಕಿತು. 1987ರಿಂದ ಹೊಲಕ್ಕೆ ಹಾಕಬಹುದಾದ ಗೊಬ್ಬರಕ್ಕೆ ಫಾಸ್ಫೇಟ್ ಲೆಕ್ಕದಲ್ಲೇ ಮಿತಿ ಬಂತು.

ಈಗ ಹಿಕ್ಕೆಗೂ ಲೆಕ್ಕ ಶುರುವಾಯಿತು ನೋಡಿ, ಹಳೆಯ ಬೀಗದಕೈ ನೆನಪಾಯಿತು! ಡೆಲ್ಫ್ಟ್ ಊರಿನ ಗಿಸ್ಟ್-ಬ್ರೊಕೇಡ್ಸ್ ಕಂಪನಿ ಜೀನ್ ತಂತ್ರಜ್ಞಾನ ಬಳಸಿ, ಆಸ್ಪರ್‌ಜಿಲಸ್ ಶಿಲೀಂಧ್ರದಿಂದ ಹೆಚ್ಚು ಹೆಚ್ಚು ಫೈಟೇಸ್ ತೆಗೆಯುವ ದಾರಿ ಕಂಡುಕೊಂಡಿತು. 1991ರಲ್ಲಿ ನ್ಯಾಟುಫಾಸ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಸುಜುಕಿಯಿಂದ ಲೆಕ್ಕ ಹಾಕಿದರೆ 84 ವರ್ಷ.

ಅಲ್ಲಿಗೂ ಎಲ್ಲ ಸಲೀಸಾಗಲಿಲ್ಲ. ಕಿಣ್ವ ಅಂದರೆ ಪ್ರೋಟೀನ್. ಮೇವನ್ನು ಹಬೆಯಲ್ಲಿ ಬಿಸಿ ಮಾಡಿ ಗುಳಿಗೆ ಒತ್ತುವಾಗ ಅದು ಕೆಡುತ್ತೆ. ಹಾಗಾಗಿ ಗುಳಿಗೆ ಆರಿದ ಮೇಲೆ ಸಿಂಪಡಿಸೋದು, ಕಿಣ್ವಕ್ಕೆ ಲೇಪ ಕೊಡೋದು, ಶಾಖ ತಡೆಯುವ ಹೊಸ ಫೈಟೇಸ್ ಹುಡುಕೋದು ಎಲ್ಲ ನಡೆಯಿತು. 2001ರಲ್ಲಿ, ಹುಚ್ಚು ಹಸು ರೋಗದ ಭಯದಿಂದ, ಯುರೋಪ್ ಮಾಂಸ-ಮೂಳೆ ಪುಡಿಯನ್ನು ಮೇವಿನಿಂದ ಹೊರಗಿಟ್ಟಿತು. ರಂಜಕದ ಒಂದು ಮೂಲ ತಪ್ಪಿತು. 2008ರಲ್ಲಿ ಕಲ್ಲಿನ ಫಾಸ್ಫೇಟಿನ ಬೆಲೆ ಒಮ್ಮೆಲೇ ಟನ್ನಿಗೆ 400 ಡಾಲರ್ ದಾಟಿತು. ಒಂದೊಂದು ಪೆಟ್ಟಿಗೂ ಫೈಟೇಸಿನ ಬೇಡಿಕೆ ಏರಿತು.

ನಮ್ಮ ಸಾಫ್ಟ್‌ವೇರ್ ಲೋಕದಲ್ಲೂ ಹೀಗೇ ಅಲ್ವಾ? ಬಗ್ ಇದೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಪರಿಹಾರವೂ ಯಾರದೋ ಫೈಲಿನಲ್ಲಿ ಇರುತ್ತೆ. ಗ್ರಾಹಕ ದುಡ್ಡು ಹಿಡಿತೀನಿ ಅಂದ ಮೇಲೇ ಸರಿಹೋಗೋದು.

ವ್ಯತ್ಯಾಸ ಇಷ್ಟೇ. ಬಗ್ ನಾಳೆ ಸರಿಮಾಡಬಹುದು, ಗಣಿಯಿಂದ ಅಗೆದು ಕೆರೆಗೆ ಸೇರಿಸಿದ ರಂಜಕವನ್ನು ವಾಪಸ್ ತರೋದು ಕಷ್ಟ. ಅದಿಲ್ಲದೆ ಕೋಳಿಯೂ ಇಲ್ಲ, ರಾಗಿಯೂ ಇಲ್ಲ, ನಾವೂ ಇಲ್ಲ. ಬೀಗದಕೈ ಕಂಡುಹಿಡಿದವರು ವಿಜ್ಞಾನಿಗಳು, ಅದನ್ನು ತಿರುಗಿಸುವಂತೆ ಮಾಡಿದ್ದು ಒಂದು ಕಾನೂನು. ಹೀಗೆ ಯಾರೋ ಬಿಲ್ ಹಾಕಲಿ ಅಂತ ಕಾಯುತ್ತಾ ಕೂತಿರೋ ಬೀಗದಕೈಗಳು ಇನ್ನೆಷ್ಟಿವೆಯೋ... ನಿಮಗೆ ಗೊತ್ತಿದ್ದರೆ ತಿಳಿಸಿ.