ಗುಳೆ ಹೋದವರು ಕಟ್ಟಿದ ನಗರ



ಬೇಸಿಗಿ ಬಂದ್ರ ನಮ್ಮ ಬಾಗಲವಾಡದ ಕೇರಿಯಾಗ ಬೀಗ ಬಿದ್ದ ಮನಿ ಕಾಣ್ತಾವ. ಎಲ್ಲಿ ಹೋಗ್ಯಾರ ಅಂದ್ರ, ಬೆಂಗಳೂರಿಗೆ. ಇದಕ್ಕೆ ಬರವೇ ಕಾರಣ ಅಂತಾರೆ. ಆದರೆ ರಾಯಚೂರು ಕೃಷ್ಣಾ-ತುಂಗಭದ್ರೆಯರ ನಡುವಿನ ನಾಡು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರಿನ ತನಕ ನೀರು ತಂದಿತು. ಭೂಮಿನೇ ಇಲ್ಲದವರಿಗೆ ಕಾಲುವೆ ಬಂದರೇನು, ಬಿಟ್ಟರೇನು?

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಭ್ರಮೆ ಬಿಡಿಸಿದರು. ಅದಕ್ಕೇ ನಗರ ನಮಗೊಂದು ಆಸೆ. ಬಸ್ಸಿನಾಗ, ಹೋಟೆಲಿನಾಗ ಯಾರೂ ಜಾತಿ ಕೇಳಲ್ಲ, ಖರೆ. ಆದರೆ ಜಾಗ ಹಂಚುವಾಗ?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಹೋಗಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಾದವು. ಅಗಲ ರಸ್ತೆ, ಗಾಳಿ, ಬೆಳಕು. ಅಲ್ಲೂ ಜಾತಿ ನೋಡಿ ಸಾಲು ಹಂಚಿದರು. ಊರು ಗುಡಿಸಿದವರಿಗೆ ಉಳಿದದ್ದು ಅಂಚು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಬಸವಲಿಂಗಪ್ಪನವರು ಮಂತ್ರಿಯಾಗುವ ತನಕ, 1970ರ ದಶಕದವರೆಗೆ ಕಾಯಬೇಕಾಯ್ತು.

1951ರಲ್ಲಿ ಸುಮಾರು 8 ಲಕ್ಷ ಇದ್ದ ಬೆಂಗಳೂರು 2011ಕ್ಕೆ ಸುಮಾರು 85 ಲಕ್ಷ ಆಯ್ತು. ಇಷ್ಟು ಜನಕ್ಕೆ ಮನೆ, ಮೆಟ್ರೋ, ಫ್ಲೈಓವರ್ ಕಟ್ಟಿದವರು ಯಾರು? ಕಟ್ಟಿದವರು ಮಲಗಿದ್ದು ಮಾತ್ರ ತಗಡಿನ ಶೆಡ್ಡಿನಾಗ.

1973ರಲ್ಲಿ ಕೊಳೆಗೇರಿ ಕಾಯ್ದೆ ಬಂತು. ಅದರ ಹೆಸರಿನಲ್ಲೇ 'ಅಭಿವೃದ್ಧಿ' ಮತ್ತು 'ನಿರ್ಮೂಲನೆ' ಎರಡೂ ಇವೆ. ನಮ್ಮವರ ಪಾಲಿಗೆ ಹೆಚ್ಚಾಗಿ ಬಂದದ್ದು ಎರಡನೆಯದು. 2013ರ ಜನವರಿ ಚಳಿಯಲ್ಲಿ ಈಜಿಪುರದಲ್ಲಿ ಜೆಸಿಬಿ ನುಗ್ಗಿ ಸುಮಾರು 1500 ಕುಟುಂಬಗಳು ಬೀದಿಗೆ ಬಿದ್ದವು. ಬಹಳಷ್ಟು ಜನ ದಲಿತರು. ಬಡವರಿಗೆಂದೇ ಕಟ್ಟಿದ ವಸತಿಯ ಆ ಜಾಗದಲ್ಲಿ ಮಾಲ್‌ಗೂ ಪಾಲು ಕೊಟ್ಟಿದ್ದರು. ಕೆಲವರನ್ನು ದೂರದ ಸೂಲಿಕುಂಟೆಗೆ ಕಳಿಸಿದರು. ಕೆಲಸ ಈಜಿಪುರದಾಗ, ಸೂರು ಸೂಲಿಕುಂಟೆಯಾಗ!

2020ರ ಮೇ ತಿಂಗಳು ನೆನಪಿದೆಯಾ? ವಲಸೆ ಕಾರ್ಮಿಕರು ಊರಿಗೆ ಹೋಗ್ತೀವಿ ಅಂದಾಗ, ಬಿಲ್ಡರ್‌ಗಳ ಜೊತೆ ಮಾತಾಡಿದ ಸರ್ಕಾರ ರೈಲುಗಳನ್ನೇ ರದ್ದು ಮಾಡಿತು. ಜನ ಸಿಟ್ಟಿಗೆದ್ದ ಮೇಲೆ ಮತ್ತೆ ಬಿಟ್ಟಿತು. ಇರೋಕೆ ಜಾಗ ಕೊಡದ ನಗರ, ಹೋಗೋಕೂ ಬಿಡಲಿಲ್ಲ.

ಈಗ ನಗರ ಬೆಳೆದದ್ದೇ ಸಮಸ್ಯೆ, ವಲಸಿಗರೇ ಹೊರೆ ಅಂತಾರೆ. ನಾವು ಹೊರೆ ಅಲ್ಲ, ಹೊರೆ ಹೊತ್ತವರು. ನಮ್ಮ ಬೇಡಿಕೆ ಎರಡೇ: ಬಾಗಲವಾಡದಾಗ ಉಳಿಯೋರಿಗೆ ಭೂಮಿ, ಬೆಂಗಳೂರಾಗ ದುಡಿಯೋರಿಗೆ ದುಡಿಯೋ ಜಾಗದ ಹತ್ರಾನೇ ಹಕ್ಕುಪತ್ರ.

ಜೈಭೀಮ್.